ವಾಟ್ಸಾಪ್ ಗುಂಪಿನ ರಿಪೇರಿ ಜ್ಞಾನ: ನನ್ನದೇ ಒಂದು ವಾಯ್ಸ್ ಮೆಸೇಜು ಪಿಸ್ಟನ್ ಹಿಡಿಸಿದ ಮೇಲೆ ನಾವು ಮಾಡಿದ್ದೇನು?

ಹೋದ ವರ್ಷ ಆಷಾಢದಲ್ಲಿ ಮಳೆ ನಾಲ್ಕು ದಿನ ಹೊಳವಾಗಿತ್ತು. ಎಲ್ಲರ ತೋಟದಲ್ಲೂ ಕಳೆ ಮೊಣಕಾಲು ಮುಟ್ಟಿತ್ತು. ಅಂಥ ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೊಸನಗರ ಕಡೆಯ ಹುಡುಗ.

"ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಮಷಿನ್ ನಿಂತೇ ಹೋಯ್ತು. ಹಗ್ಗ ಎಳೆಯೋಕೂ ಬರ್ತಾ ಇಲ್ಲ."

ನಾನು ಯಾರಿಗೂ ಏನೂ ಹೇಳಿದ ನೆನಪಿರಲಿಲ್ಲ. ಹಾಗಂದೆ. ಅವನು ಒಂದು ವಾಯ್ಸ್ ಮೆಸೇಜು ಕಳಿಸಿದ. ಕೇಳಿದರೆ ನನ್ನದೇ ದನಿ! "ಇದಕ್ಕೆ ಎಣ್ಣೆ ಮಿಕ್ಸ್ ಮಾಡೋದೇನೂ ಬೇಡ, ಬರೀ ಪೆಟ್ರೋಲ್ ಹಾಕಿ ಹೊಡೀರಿ, ಏನೂ ಆಗಲ್ಲ." ಒಂಬತ್ತು ಸೆಕೆಂಡಿನ ಮಾತು.

ಆ ಮಾತು ಸುಳ್ಳಲ್ಲ. ಎರಡು ವರ್ಷದ ಹಿಂದೆ ನಮ್ಮ ಗುಂಪಿನಲ್ಲಿ ಯಾರೋ ತಮ್ಮ ಬ್ರಷ್ ಕಟರಿನ ಫೋಟೋ ಹಾಕಿ, ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸಬೇಕು ಅಂತ ಕೇಳಿದ್ದರು. ಅದು ಫೋರ್ ಸ್ಟ್ರೋಕ್ ಇಂಜಿನ್. ಎಣ್ಣೆಗೆ ಬೇರೆಯೇ ಜಾಗ ಇರುತ್ತದೆ, ಪೆಟ್ರೋಲಿಗೆ ಬೆರೆಸುವಂತಿಲ್ಲ. ಅದನ್ನು ನೋಡಿಯೇ ಹೇಳಿದ್ದೆ. ಆಮೇಲೆ ಫೋಟೋ ಎಲ್ಲೋ ಹೋಯಿತು, ಪ್ರಶ್ನೆ ಎಲ್ಲೋ ಹೋಯಿತು, ನನ್ನ ಒಂಬತ್ತು ಸೆಕೆಂಡು ಮಾತ್ರ ಫಾರ್ವರ್ಡ್ ಆಗುತ್ತಾ ಊರೂರು ಸುತ್ತಿ ಈ ಹುಡುಗನ ಫೋನಿಗೆ ಬಂತು. ಅವನದು ಟೂ ಸ್ಟ್ರೋಕ್ ಮಷಿನ್.

ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಎಣ್ಣೆ ನಿಲ್ಲುವ ಬೇರೆ ಚೇಂಬರ್ ಇರುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಪಿಸ್ಟನ್ನು, ಬೇರಿಂಗು ಎಲ್ಲಕ್ಕೂ ಸವರುವುದು. ಬರೀ ಪೆಟ್ರೋಲ್ ಹಾಕಿದರೆ ಶುರುವಿನಲ್ಲಿ ಮಷಿನ್ ಚೆನ್ನಾಗಿಯೇ ಓಡುತ್ತದೆ, ಹೊಗೆ ಕೂಡ ಕಡಿಮೆ. ನಂತರ ಬಿಸಿ ಏರಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನಮ್ಮ ಕಡೆ ಇದಕ್ಕೆ "ಇಂಜಿನ್ ಹಿಡಿಯಿತು" ಅಂತಾರೆ. ಅವನದು ಕಾಲು ಗಂಟೆ ಓಡಿತ್ತಂತೆ.

ಮಾರನೇ ದಿನ ಅವರ ಮನೆಗೆ ಹೋದೆ. ಮಷಿನ್ ತೆಗೆದದ್ದು ಅವನ ಅಮ್ಮ ಸ್ವಸಹಾಯ ಸಂಘದಲ್ಲಿ ಮಾಡಿದ ಸಾಲದಲ್ಲಿ. ಇವನು ಬೇರೆಯವರ ತೋಟದಲ್ಲಿ ಕಳೆ ಹೊಡೆದು ಆ ಕಂತು ಕಟ್ಟುತ್ತಿದ್ದ. ಪಿಸ್ಟನ್, ಸಿಲಿಂಡರ್ ಎರಡೂ ಬದಲಿಸಬೇಕು ಅಂತಾಯಿತು. ಅಮ್ಮ ನನಗೆ ಕಾಫಿ ಕೊಟ್ಟರು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಿಪೇರಿ ಖರ್ಚಿನಲ್ಲಿ ಅರ್ಧ ನಾನು ಕೊಟ್ಟೆ. ಹುಡುಗ ಬೇಡ ಅಂದ, ಆದರೂ ಕೊಟ್ಟೆ.

ಈ ಲೇಖನ ಬರೆಯಲು ಕಾರಣ ಅದು. ನಿಮ್ಮಲ್ಲೂ ಎಷ್ಟೋ ಜನ ಇಂಥ ಗುಂಪುಗಳಲ್ಲಿ ಇದ್ದೀರಿ. ನಿಮ್ಮ ಒಂಬತ್ತು ಸೆಕೆಂಡೂ ಎಲ್ಲೋ ಓಡಾಡುತ್ತಿರಬಹುದು.

ಗುಂಪು ಅಂದ್ರೆ ಎಂಥದು?

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಕಡೆಯ ಅಡಿಕೆ ಕೃಷಿಕರು ಸೇರಿ ಮಾಡಿಕೊಂಡದ್ದು. ಎಲ್ಲರಿಗೂ ತೋಟ ಇದೆ, ಜೊತೆಗೆ ಸ್ಪ್ಯಾನರ್ ಹಿಡಿಯುವ ಚಟವೂ ಇದೆ. ಸಂಜೆ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಏನಾದರೂ ಬಿಚ್ಚಿ ಹರಡಿಕೊಂಡು ಕೂರುವವರು, ಮನೆಯಲ್ಲಿ ಅದಕ್ಕೇ ಬೈಸಿಕೊಳ್ಳುವವರು. ಕಳೆ ಮಷಿನ್, ಬೋರ್ಡೋ ಹೊಡೆಯುವ ಎಚ್‌ಟಿಪಿ ಪಂಪು, ಚೈನ್ ಸಾ, ಅಡಿಕೆ ಸುಲಿಯುವ ಯಂತ್ರ, ಮೋಟಾರು, ಸ್ಟಾರ್ಟರು. ಇವುಗಳ ಬಗ್ಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಮಾತು.

ಮೊದಲು ನಾವು ಕೆಲವೇ ಜನ, ಎಲ್ಲರಿಗೂ ಎಲ್ಲರ ಮಷಿನ್ ಗೊತ್ತಿತ್ತು. ವಾಟ್ಸಾಪ್‌ನವರು 2022ರಲ್ಲಿ ಗುಂಪಿನ ಮಿತಿಯನ್ನು 256ರಿಂದ ಏರಿಸುತ್ತಾ 1024ಕ್ಕೆ ತಂದರಲ್ಲ, ಆಮೇಲೆ ನಾವೂ ಬಾಗಿಲು ತೆಗೆದೆವು. ಜನ ಬಂದರು, ಜ್ಞಾನವೂ ಬಂತು. ಅದರ ಜೊತೆಗೇ ಗುಡ್ ಮಾರ್ನಿಂಗ್ ಹೂವು, ಅಡಿಕೆ ಧಾರಣೆ, ಚುನಾವಣೆ ಜಗಳ ಎಲ್ಲ ಬಂದವು.

ಇಡೀ ಗುಂಪಿಗೆ ದೊಡ್ಡ ಆಸ್ತಿ ಅಂದರೆ ನಮ್ಮ ಆಚಾರ್ರು. ಪೇಟೆಯಲ್ಲಿ ಸಣ್ಣ ರಿಪೇರಿ ಅಂಗಡಿ. ಪಂಪ್‌ಸೆಟ್ಟು, ಟಿಲ್ಲರು, ಕಳೆ ಮಷಿನು ಅಂತ ನಲವತ್ತು ವರ್ಷ ಕೈ ಆಡಿಸಿದವರು. ಟೈಪ್ ಮಾಡುವುದಿಲ್ಲ, ಎಲ್ಲವೂ ವಾಯ್ಸ್. ರಾತ್ರಿ ಊಟ ಆದಮೇಲೆ ಕವಳ ಹಾಕಿಕೊಂಡು ದಿನದ ಪ್ರಶ್ನೆಗಳಿಗೆಲ್ಲ ಒಂದೊಂದಾಗಿ ಉತ್ತರ ಹೇಳುತ್ತಾರೆ. ಆ ಉತ್ತರಗಳು ಚಿನ್ನ. ಆದರೆ ಬೆಳಗಾದರೆ ಅವುಗಳ ಮೇಲೆ ಇನ್ನೂರು ಮೆಸೇಜು.

ಹೊಸನಗರದ ಘಟನೆ ಆದ ವಾರ ನಾನೂ ಇನ್ನಿಬ್ಬರೂ ಕೂತು ಗುಂಪಿನ ಹಳೇ ಮಾತುಕತೆ ತೆಗೆದು ನೋಡಿದೆವು. ವಾಟ್ಸಾಪ್‌ನಲ್ಲಿ ಎಕ್ಸ್‌ಪೋರ್ಟ್ ಚಾಟ್ ಅಂತ ಇದೆ, ಒತ್ತಿದರೆ ಎಲ್ಲ ಒಂದು ಫೈಲಾಗಿ ಬರುತ್ತದೆ. ಬಂತು. ವಾಯ್ಸ್ ಮೆಸೇಜುಗಳು ಬಂದದ್ದು ಮಾತ್ರ ಬರೀ ದಿನಾಂಕ ಮತ್ತು ನಂಬರಿನ ಹೆಸರಲ್ಲಿ. ಯಾವುದರಲ್ಲಿ ಕಾರ್ಬೊರೇಟರ್, ಯಾವುದರಲ್ಲಿ ಮದುವೆ ಕರೆಯೋಲೆ ಅಂತ ಕೇಳಿದರೇ ಗೊತ್ತಾಗೋದು.

ಹುಡುಕಿದರೂ ಸಿಗುವುದಿಲ್ಲ. ಒಬ್ಬ ಕಾರ್ಬೊರೇಟರ್ ಅಂತ ಬರೆದಿದ್ದಾನೆ, ಇನ್ನೊಬ್ಬ ಕಾರ್ಬುರೇಟರ್, ಮತ್ತೊಬ್ಬ ಕಾರ್ಬೇಟರ್. ಅರ್ಧ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಹಳೇ ಫೋಟೋ ಒತ್ತಿದರೆ ಡೌನ್‌ಲೋಡ್ ಆಗುವುದಿಲ್ಲ, ಕಳಿಸಿದವನು ಅಷ್ಟರಲ್ಲಿ ಫೋನೇ ಬದಲಿಸಿದ್ದಾನೆ. ಇದೆಲ್ಲಕ್ಕಿಂತ ಬೇಜಾರಿನ ವಿಷಯ ಇನ್ನೊಂದು. ಪ್ರಶ್ನೆ ಇದೆ, ಹತ್ತು ಉತ್ತರ ಇದೆ, ಆದರೆ ಯಾವ ಉತ್ತರದಿಂದ ಮಷಿನ್ ಸರಿಯಾಯಿತು ಅನ್ನುವುದು ಎಲ್ಲೂ ಇಲ್ಲ. ಕೇಳಿದವನು ಕೈ ಮುಗಿಯುವ ಚಿತ್ರ ಹಾಕಿ ಮಾಯ.

ಮೊದಲನೇ ಸಲ ಸೋತೆವು

ಗುಂಪಿನಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಇಂಜಿನಿಯರ್ ಒಬ್ಬ ಇದ್ದಾನೆ. ಉತ್ಸಾಹಿ. ಒಂದೇ ವಾರದಲ್ಲಿ ಗೂಗಲ್ ಡ್ರೈವ್‌ನಲ್ಲಿ ಚೆಂದದ ಫೋಲ್ಡರುಗಳನ್ನು ಮಾಡಿದ. ಇಂಧನ ವ್ಯವಸ್ಥೆ, ಇಗ್ನಿಷನ್, ಟ್ರಾನ್ಸ್‌ಮಿಷನ್, ಹೀಗೆ. ಒಳಗೆ ಇನ್ನೊಂದು ಫೋಲ್ಡರು, ಅದರೊಳಗೆ ಮತ್ತೊಂದು. ಲಿಂಕ್ ಹಾಕಿದೆವು, ಎಲ್ಲರೂ ಹೆಬ್ಬೆರಳು ಎತ್ತಿದರು, ಯಾರೂ ತೆಗೆಯಲಿಲ್ಲ. ಮರುದಿನ ಅದೇ ಹಳೇ ಪ್ರಶ್ನೆ: "ಹಗ್ಗ ಎಳೆದರೂ ಸ್ಟಾರ್ಟ್ ಇಲ್ಲ, ಎಂತ ಮಾಡೋದು?"

ತಪ್ಪು ಎಲ್ಲಿ ಅಂತ ತೋರಿಸಿಕೊಟ್ಟವರು ಆಚಾರ್ರು. ಫೋನ್ ತಿರುಗಿಸಿ ತಿರುಗಿಸಿ ನೋಡಿ, "ಇಗ್ನಿಷನ್ ಹಾಳಾಗಿದೆ ಅಂತ ಅವನಿಗೆ ಗೊತ್ತಿದ್ರೆ ನಿಮ್ಮ ಕಪಾಟು ತೆಗೆಯೋದು ಯಾಕೆ? ಗೊತ್ತಿಲ್ಲ ಅಂತಲೇ ಅಲ್ವಾ ಬರೋದು?" ಅಂದರು.

ಹೌದಲ್ಲ! ರೋಗಿ ಡಾಕ್ಟರ ಹತ್ತಿರ ಹೋಗಿ ಹೊಟ್ಟೆ ನೋವು ಅಂತಾನೆ, ಅಪೆಂಡಿಕ್ಸ್ ಅನ್ನುವುದಿಲ್ಲ. ನಾವು ಭಾಗಗಳ ಹೆಸರಲ್ಲಿ ಜೋಡಿಸಿದ್ದೆವು, ಜನ ಬರುವುದು ಲಕ್ಷಣ ಹಿಡಿದುಕೊಂಡು. ಅದನ್ನೆಲ್ಲ ಅಳಿಸಿ, ಜನ ಗುಂಪಿನಲ್ಲಿ ಕೇಳಿದ ಮಾತನ್ನೇ ಹಾಗ್ಹಾಗೇ ತಲೆಬರಹ ಮಾಡಿದೆವು. ಕಳೆ ಮಷಿನ್‌ಗೆ ಸಿಕ್ಕ ತಲೆಬರಹಗಳು ಏಳೆಂಟೇ. ನೂರಾರು ಪ್ರಶ್ನೆ ಅಂದುಕೊಂಡದ್ದೆಲ್ಲ ಇವುಗಳಲ್ಲೇ ಮುಗಿಯಿತು.

"ಹಗ್ಗ ಎಳೆದರೂ ಸ್ಟಾರ್ಟ್ ಇಲ್ಲ" ಅನ್ನುವುದಕ್ಕೆ ಈಗ ನಮ್ಮಲ್ಲಿ ಇರುವುದು ಇಷ್ಟು. ಮೊದಲು ಪ್ಲಗ್ ಬಿಚ್ಚಿ ನೋಡಿ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಆದರೆ ಕಿಡಿ ಇಲ್ಲ ಅಥವಾ ಚೋಕ್ ಹಾಕಿ ಹಾಕಿ ತುಂಬಿಕೊಂಡಿದೆ. ಪ್ಲಗ್ ಒರೆಸಿ ಒಣಗಿಸಿ, ಚೋಕ್ ತೆಗೆದು, ಸ್ವಿಚ್ ಆಫ್ ಮಾಡಿ, ಪ್ಲಗ್ ಇಲ್ಲದೆಯೇ ಹಗ್ಗ ನಾಲ್ಕಾರು ಸಲ ಎಳೆದರೆ ಒಳಗಿನ ಪೆಟ್ರೋಲ್ ಹೊರಗೆ ಹೋಗುತ್ತದೆ. ಹತ್ತಿರ ಬೀಡಿ, ಬೆಂಕಿ ಇರಬಾರದು. ಪ್ಲಗ್ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಟ್ಯಾಂಕಿನೊಳಗೆ ಪೈಪಿನ ತುದಿಯಲ್ಲಿರುವ ಸಣ್ಣ ಫಿಲ್ಟರ್ ನೋಡಿ. ಬೆರಳಲ್ಲಿ ಒತ್ತುವ ಪ್ರೈಮರ್ ಬಲ್ಬ್ ಬಿರುಕು ಬಿಟ್ಟಿದೆಯಾ ನೋಡಿ. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿದೆಯಾ ನೋಡಿ. ಇಷ್ಟರಲ್ಲಿ ಹೆಚ್ಚಿನ ಮಷಿನ್ ಎದ್ದು ಕೂರುತ್ತವೆ. ಏಳದಿದ್ದರೆ ಅಂಗಡಿ.

ಸ್ಟಾರ್ಟ್ ಆಗುತ್ತದೆ, ರೇಸ್ ಕೊಟ್ಟರೆ ಬಂದ್ ಬೀಳುತ್ತದೆ ಅನ್ನುವವರು ಮೊದಲು ಏರ್ ಫಿಲ್ಟರ್, ಆಮೇಲೆ ಅದೇ ಟ್ಯಾಂಕಿನ ಫಿಲ್ಟರ್, ಆಮೇಲೆ ಸೈಲೆನ್ಸರ್ ಬಾಯಿಯಲ್ಲಿ ಕಟ್ಟಿದ ಕರಿ ನೋಡಬೇಕು. ಕಾರ್ಬೊರೇಟರಿಗೆ ಕೈ ಹಾಕುವುದು ಕೊನೆಗೆ. ನಮ್ಮ ಹುಡುಗರು ಮೊದಲೇ ಅಲ್ಲಿಗೆ ಹೋಗಿ ಸ್ಕ್ರೂ ತಿರುಗಿಸಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ.

ಬ್ಲೇಡಿನ ನಟ್ಟಿನ ವಿಷಯ ಮಾತ್ರ ಬೇರೆಯೇ ಕಾರ್ಡು. ಹೆಚ್ಚಿನ ಬ್ರಷ್ ಕಟರ್‌ಗಳಲ್ಲಿ ಅದು ಉಲ್ಟಾ ಥ್ರೆಡ್ಡು, ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಪೈಪ್ ಹಾಕಿ ಜಗ್ಗಿ ನಟ್ಟು ತುಂಡು ಮಾಡಿದವರು ಗುಂಪಿನಲ್ಲಿ ಎಷ್ಟು ಜನ ಅಂತ ಕೇಳಿದೆವು. ಒಬ್ಬೊಬ್ಬರಾಗಿ ಒಪ್ಪಿಕೊಂಡರು. ಆ ದಿನ ಗುಂಪಿನಲ್ಲಿ ನಕ್ಕಷ್ಟು ಮತ್ತೆ ನಕ್ಕಿಲ್ಲ.

ಕಾರ್ಡಿನಲ್ಲಿ ಏನಿರಬೇಕು?

ಈಗ ನಾವು ಇಟ್ಟುಕೊಂಡಿರುವುದು ಬಹಳ ಸಣ್ಣ ವ್ಯವಸ್ಥೆ. ಒಂದು ಗೂಗಲ್ ಶೀಟು. ಒಂದು ಸಮಸ್ಯೆಗೆ ಒಂದು ಸಾಲು. ಆ ಸಾಲಿನಿಂದ ಒಂದು ಚಿತ್ರ ಮಾಡುತ್ತೇವೆ, ಅದನ್ನೇ ಕಾರ್ಡ್ ಅಂತೀವಿ. ಫೋನಿನಲ್ಲಿ ಝೂಮ್ ಮಾಡದೆ ಓದುವ ಹಾಗಿರಬೇಕು, ನೆಟ್ ಇಲ್ಲದ ತೋಟದಲ್ಲೂ ಗ್ಯಾಲರಿಯಲ್ಲಿ ಸಿಗಬೇಕು. ಹಾಗಾಗಿ ಚಿತ್ರ.

ಕಾರ್ಡಿನಲ್ಲಿ ಯಾವ ಮಷಿನ್ ಅನ್ನುವುದು ಮೊದಲು. ಕೇಳಿದವನ ಮಾತಿನಲ್ಲೇ ಲಕ್ಷಣ. ಏನು ಮಾಡಿದರು, ಮಾಡಿದ ಮೇಲೆ ಏನಾಯಿತು. ಹೇಳಿದವರು ಯಾರು, ಮಾಡಿ ನೋಡಿದವರು ಯಾರು. ದಿನಾಂಕ. ಕೊನೆಗೆ ಕೆಂಪಕ್ಷರದಲ್ಲಿ ಒಂದು ಸಾಲು: "ಇದು ಯಾವುದಕ್ಕೆ ಆಗುವುದಿಲ್ಲ."

ಆ ಕೊನೇ ಸಾಲು ಬರೆಯಲು ಶುರುಮಾಡಿದ ಮೇಲೆ ನಮಗೆ ನಮ್ಮ ಅರೆಬರೆ ಜ್ಞಾನ ಗೊತ್ತಾಯಿತು. ನನ್ನ ಎಣ್ಣೆ ವಿಷಯವನ್ನೇ ಒಂದನೇ ನಂಬರಿನ ಕಾರ್ಡ್ ಮಾಡಿದೆವು. ನಾನು ಬರೆದದ್ದು: ಟೂ ಸ್ಟ್ರೋಕ್‌ಗೆ ಬೆರೆಸಿ, ಫೋರ್ ಸ್ಟ್ರೋಕ್‌ಗೆ ಬೆರೆಸಬೇಡಿ. ಸರಳ ಅಂದುಕೊಂಡೆ. ಕೊಪ್ಪದ ಸದಸ್ಯರೊಬ್ಬರು ತಡೆದರು. ಸ್ಟಿಲ್ ಕಂಪನಿಯ ಫೋರ್‌ಮಿಕ್ಸ್ ಇಂಜಿನ್ ಇದೆಯಲ್ಲ, ಅದು ಫೋರ್ ಸ್ಟ್ರೋಕ್ ಆದರೂ ಎಣ್ಣೆ ಬೆರೆಸಿದ ಪೆಟ್ರೋಲಲ್ಲೇ ಓಡೋದು ಅಂದರು. ನನ್ನ ಕಾರ್ಡ್ ಹಾಗೇ ಹೋಗಿದ್ದರೆ ಇನ್ನೊಬ್ಬರ ಇಂಜಿನ್ ಹಿಡಿಯುತ್ತಿತ್ತು, ಅದೂ ನನ್ನ ಹೆಸರಲ್ಲೇ!

ಈಗ ಆ ಕಾರ್ಡ್ ಹೀಗಿದೆ. ಟ್ಯಾಂಕಿನ ಮುಚ್ಚಳದ ಹತ್ತಿರ ಅಥವಾ ಮಷಿನಿನ ಪುಸ್ತಕದಲ್ಲಿ ಅನುಪಾತ ಬರೆದಿದೆಯಾ ನೋಡಿ. 50:1 ಅಂತ ಇದ್ದರೆ ಲೀಟರಿಗೆ 20 ಮಿಲಿ ಟೂ-ಟಿ ಎಣ್ಣೆ. 40:1 ಇದ್ದರೆ 25 ಮಿಲಿ. 25:1 ಇದ್ದರೆ 40 ಮಿಲಿ. ಎಣ್ಣೆ ಹಾಕಲು ಬೇರೆ ಮುಚ್ಚಳ, ಅಳತೆ ಕಡ್ಡಿ ಇದ್ದು, ಪುಸ್ತಕದಲ್ಲೂ ಬರೀ ಪೆಟ್ರೋಲ್ ಅಂತಲೇ ಇದ್ದರೆ ಮಾತ್ರ ಬೆರೆಸದೆ ಹಾಕಿ. ಗೊತ್ತಾಗದಿದ್ದರೆ ಮಷಿನ್ ಫೋಟೋ ಕಳಿಸಿ, ಉತ್ತರ ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಅಂದಾಜಿಗೆ ಬಾಟಲಿ ಮುಚ್ಚಳದ ಲೆಕ್ಕ ಬೇಡ, ಮೆಡಿಕಲ್ ಶಾಪಿನ ಸಿರಿಂಜ್ ತಗೊಳ್ಳಿ.

ಅದರ ಕೆಳಗೇ ಇನ್ನೊಂದು ಸಾಲು ಸೇರಿಸಿದ್ದೇವೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇ 20ರವರೆಗೆ ಎಥೆನಾಲ್ ಬೆರೆಸಿರುತ್ತಾರೆ. ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನಮ್ಮ ಮಲೆನಾಡಿನ ಹವೆಯಲ್ಲಿ ಕೇಳುವುದೇ ಬೇಡ. ತಿಂಗಳುಗಟ್ಟಲೆ ಮಷಿನ್ ಮೂಲೆಗೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಮುಂದಿನ ಮಳೆಗಾಲಕ್ಕೆ ತೆಗೆದಾಗ ಕಾರ್ಬೊರೇಟರಿನ ರಬ್ಬರ್ ಪೊರೆ ಗಟ್ಟಿಯಾಗಿ ಕೂತಿರುವುದು ತಪ್ಪುತ್ತದೆ.

ಒಂದು ಎಡವಟ್ಟು ಇಲ್ಲೂ ಆಯಿತು. ಮೊದಲು ಹಂಚಿದ ಕಾರ್ಡಿನಲ್ಲಿ 25:1 ಇರಲಿಲ್ಲ, ಬರೀ "ಲೀಟರಿಗೆ 20 ಮಿಲಿ" ಅಂತಿತ್ತು. ತಿದ್ದಿದೆವು, ಆದರೆ ಹಂಚಿದ ಚಿತ್ರ ವಾಪಸ್ ಬರುತ್ತದಾ? ಹಳೇದು ಇವತ್ತಿಗೂ ಓಡಾಡುತ್ತಿದೆ. ಅದಕ್ಕೇ ಈಗ ಪ್ರತಿ ಕಾರ್ಡಿನ ಮೇಲೆ ನಂಬರು, ತಿದ್ದಿದ ತಿಂಗಳು ದೊಡ್ಡದಾಗಿ ಹಾಕುತ್ತೇವೆ. ಗುಂಪಿನ ವಿವರಣೆಯಲ್ಲಿ ಶೀಟಿನ ಲಿಂಕ್ ಇದೆ. ಹಳೇ ಕಾರ್ಡ್ ಯಾರಾದರೂ ಹಾಕಿದರೆ ಬೈಯದೆ ಹೊಸದನ್ನು ಅದರ ಕೆಳಗೇ ಉತ್ತರವಾಗಿ ಹಾಕುವುದು, ಅಷ್ಟೇ.

"ಎಲ್ಲ ಕಲಿತ್ರೆ ನನ್ನ ಗಿರಾಕಿ?"

ಆಚಾರ್ರ ವಾಯ್ಸ್ ಮೆಸೇಜುಗಳನ್ನು ಬರಹಕ್ಕೆ ಇಳಿಸುವುದೇ ದೊಡ್ಡ ಕೆಲಸ. ಗೂಗಲ್ ಕೀಬೋರ್ಡಿನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಇದೆ. ಅವರ ಮೆಸೇಜು ಜೋರಾಗಿ ಹಾಕಿ ಅದಕ್ಕೆ ಕೇಳಿಸಿದರೆ ಆಗುತ್ತದೆ ಅಂದುಕೊಂಡೆವು. ಕವಳದ ಬಾಯಿಯ ಮಾತು ಅದಕ್ಕೆಲ್ಲಿ ತಿಳಿಯಬೇಕು! ಕೊನೆಗೆ ನಾವೇ ಕೇಳಿ, ನಮ್ಮ ಬಾಯಲ್ಲಿ ಸ್ಪಷ್ಟವಾಗಿ ಮತ್ತೆ ಹೇಳಿ ಟೈಪ್ ಮಾಡಿಸಿದೆವು. ಕೈಯಲ್ಲಿ ಕುಟ್ಟುವುದಕ್ಕಿಂತ ಬೇಗ ಆಯಿತು.

ಕೆಲವೊಂದು ಬರಹಕ್ಕೆ ಬರುವುದೇ ಇಲ್ಲ. ಪ್ಲಗ್ ಎಷ್ಟು ಬಿಗಿ ಮಾಡಬೇಕು ಅಂತ ಕೇಳಿದರೆ, "ಕೈಗೆ ಗೊತ್ತಾಗ್ತದೆ" ಅಂತಾರೆ. ನಿಮ್ಮ ಕೈಗೆ ಗೊತ್ತಾಗ್ತದೆ, ನಮ್ಮ ಕೈಗೆ? ಆಗ ಅವರ ಕೈಯದ್ದೇ ವಿಡಿಯೋ ಮಾಡಿದೆವು: ಬರಿಗೈಯಲ್ಲಿ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್ ಹಾಕಿ ಸ್ವಲ್ಪ. ಕೆಟ್ಟ ಬೇರಿಂಗಿನ ಸದ್ದು, ಒಳ್ಳೆ ಬೇರಿಂಗಿನ ಸದ್ದು, ಇವುಗಳನ್ನು ಮಾತ್ರ ಆಡಿಯೋ ಆಗಿಯೇ ಇಟ್ಟಿದ್ದೇವೆ. ಕರಕರ ಅನ್ನುವುದನ್ನು ಕನ್ನಡದಲ್ಲಿ ಬರೆದು ಏನು ಮಾಡೋದು?

ಮೂರನೇ ಭಾನುವಾರ ಅವರು ಮೆಸೇಜು ಹಾಕುವುದು ನಿಲ್ಲಿಸಿದರು. ಹುಷಾರಿಲ್ಲವೇನೋ ಅಂತ ಅಂಗಡಿಗೆ ಹೋದೆ. ಹುಷಾರಾಗಿಯೇ ಇದ್ದರು. ಸ್ವಲ್ಪ ಹೊತ್ತು ಬೇರೆ ಮಾತಾಡಿ ಆಮೇಲೆ ಹೇಳಿದರು. "ನೀವು ಎಲ್ಲ ಬರೆದು ಹಂಚ್ತೀರಿ. ಒಳ್ಳೇದೇ. ಎಲ್ಲರೂ ಕಲಿತ್ರೆ ನನ್ನ ಗಿರಾಕಿ ಎಲ್ಲಿಂದ ಬರ್ತಾರೆ ಮಾರಾಯ?"

ನನಗೆ ಮಾತು ಹೊರಡಲಿಲ್ಲ. ನಾವು ಮೂವರೂ ಜ್ಞಾನ ಜ್ಞಾನ ಅಂತ ಓಡಾಡಿದೆವು, ಅದು ಅವರ ಅನ್ನ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಮಗೆ ಅದು ಹವ್ಯಾಸ. ಅವರಿಗೆ ಅಂಗಡಿ ಬಾಡಿಗೆ.

ಈ ಪ್ರಶ್ನೆ ನಮಗೇ ಮೊದಲು ಬಂದದ್ದೇನೂ ಅಲ್ಲ. ಐಐಎಂ ಅಹಮದಾಬಾದಿನ ಪ್ರೊ. ಅನಿಲ್ ಗುಪ್ತಾ ಅವರು ಕಟ್ಟಿದ ಹನಿ ಬೀ ನೆಟ್‌ವರ್ಕ್ ಹಳ್ಳಿಯ ಜನರ ಆವಿಷ್ಕಾರಗಳನ್ನು ದಾಖಲಿಸುತ್ತಾ ಬಂದಿದೆ. ಅವರ ನಿಯಮ ಏನೆಂದರೆ, ಜ್ಞಾನ ಕೊಟ್ಟವರ ಹೆಸರು, ವಿಳಾಸ ಬಿಡಬಾರದು, ಪಡೆದದ್ದನ್ನು ಅವರದೇ ಭಾಷೆಯಲ್ಲಿ ಅವರಿಗೆ ವಾಪಸ್ ಮುಟ್ಟಿಸಬೇಕು. ಜೇನ್ನೊಣ ಮಧು ತೆಗೆದುಕೊಂಡರೂ ಹೂವು ಬಡವಾಗುವುದಿಲ್ಲವಲ್ಲ, ಹಾಗೆ. ಅವರ ಪತ್ರಿಕೆಯ ಕನ್ನಡ ರೂಪಕ್ಕೆ ಹಿತ್ತಲ ಗಿಡ ಅಂತ ಹೆಸರಿಟ್ಟಿದ್ದರು, ಗಾದೆ ಗೊತ್ತಲ್ಲ. ನಮ್ಮ ಅಡಿಕೆ ಸೀಮೆಯಲ್ಲೇ ಪುತ್ತೂರಿನ ಅಡಿಕೆ ಪತ್ರಿಕೆ 1988ರಿಂದ ಕೃಷಿಕರ ಕೈಗೇ ಲೇಖನಿ ಕೊಡುವ ಕೆಲಸ ಮಾಡಿದೆ. ಮಾಡಿದವನೇ ಬರೆಯುವುದು, ಅವನ ಹೆಸರಲ್ಲೇ. ನಾವು ಆಚಾರ್ರ ಮಾತನ್ನು ತೆಗೆದು ಗುಂಪಿನ ಹೆಸರಲ್ಲಿ ಹಂಚುತ್ತಿದ್ದೆವು. ಹೂವು ಬಡವಾಗಿತ್ತು.

ಕೂತು ಮಾತಾಡಿದೆವು. ಅವರೇ ಒಂದು ಗೆರೆ ಹಾಕಿದರು. ಪ್ಲಗ್, ಫಿಲ್ಟರ್, ಎಣ್ಣೆ, ಗ್ರೀಸು, ಬ್ಲೇಡು, ತೊಳೆಯುವುದು, ಒಣಗಿಸುವುದು ಎಲ್ಲರೂ ಕಲಿಯಲಿ. "ಅದಕ್ಕೆ ನನ್ನ ಹತ್ರ ಬಂದ್ರೆ ನಂಗೂ ಹೊತ್ತು ಹಾಳು, ದುಡ್ಡು ತಗೊಳ್ಳೋಕೂ ನಾಚಿಕೆ" ಅಂದರು. ಇಂಜಿನ್ ಬಿಚ್ಚುವುದು, ಕ್ರ್ಯಾಂಕ್ ಬೇರಿಂಗು, ಮೋಟಾರ್ ವೈಂಡಿಂಗು ಕಾರ್ಡಿನಲ್ಲಿ ಬೇಡ. ಅಲ್ಲಿ ಬರೀ "ಅಂಗಡಿಗೆ ಒಯ್ಯಿರಿ" ಅಂತ ಬರೆಯುವುದು, ಕೆಳಗೆ ಆಯಾ ಪೇಟೆಯಲ್ಲಿ ಒಪ್ಪಿದ ಮೆಕ್ಯಾನಿಕ್‌ಗಳ ಹೆಸರು, ನಂಬರು. ಅವರ ಮಾತಿನಿಂದ ಮಾಡಿದ ಪ್ರತಿ ಕಾರ್ಡಿನ ಮೇಲೂ ಅವರ ಹೆಸರು. ಗಿರಾಕಿ ಕಡಿಮೆ ಆದರಾ ಹೆಚ್ಚಾದರಾ ಅಂತ ಮೊನ್ನೆ ಕೇಳಿದೆ. "ಬೇರೆ ಥರದವರು ಬರ್ತಿದಾರೆ" ಅಂದರು. ಅಷ್ಟೇ ಹೇಳಿದ್ದು, ನಾನೂ ಕೆದಕಲಿಲ್ಲ.

ಕರೆಂಟಿನ ವಿಷಯದಲ್ಲಿ ಜಗಳ

ಗುಂಪಿನಲ್ಲಿ ನಿಜವಾದ ಜಗಳ ಆದದ್ದು ಸ್ಟಾರ್ಟರ್ ಬಗ್ಗೆ. ಮಳೆಗಾಲದಲ್ಲಿ ಲೈನಿನ ಮೇಲೆ ಕೊಂಬೆ ಬಿದ್ದು ಮೂರರಲ್ಲಿ ಒಂದು ಫೇಸ್ ಹೋಗುವುದು ನಮ್ಮಲ್ಲಿ ಮಾಮೂಲು. ಆಗ ಸ್ಟಾರ್ಟರಿನೊಳಗಿನ ಸಿಂಗಲ್ ಫೇಸ್ ಪ್ರಿವೆಂಟರ್ ಮೋಟಾರನ್ನು ನಿಲ್ಲಿಸುತ್ತದೆ. ಅದರ ಕೆಲಸವೇ ಅದು. ಆದರೆ ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಸಿಟ್ಟು ಬಂದು ಅದನ್ನು ಬೈಪಾಸ್ ಮಾಡುವುದು ಹೇಗೆ ಅಂತ ಗುಂಪಿನಲ್ಲಿ ನಾಲ್ಕೈದು ವಿಡಿಯೋ ಇದ್ದವು. ಬೈಪಾಸ್ ಮಾಡಿದರೆ ಮೋಟಾರ್ ಎರಡೇ ಫೇಸಿನಲ್ಲಿ ಎಳೆದಾಡುತ್ತದೆ, ಕರೆಂಟ್ ಹೆಚ್ಚು ಎಳೆದು ಬಿಸಿಯಾಗಿ ವೈಂಡಿಂಗ್ ಸುಟ್ಟುಹೋಗುತ್ತದೆ. ಬೋರಿನಿಂದ ಎತ್ತಿಸುವ ಖರ್ಚು ಬೇರೆ. ಅದೂ ಇರಲಿ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಡಬ್ಬಿ ತೆಗೆದು ತಂತಿ ಜೋಡಿಸುವ ಹುಡುಗನಿಗೆ ಏನಾದರೂ ಆದರೆ?

ಆ ವಿಡಿಯೋ ತೆಗೆಯಬೇಕು ಅಂದೆ. "ನಾವೇನು ಸಣ್ಣ ಮಕ್ಕಳಾ, ನಮಗೆ ಗೊತ್ತಿದೆ" ಅಂತ ಕೆಲವರು. ನೀರಿಲ್ಲದೆ ಗಿಡ ಒಣಗುವಾಗ ನೀತಿ ಹೇಳಬೇಡಿ ಅಂತ ಇನ್ನೊಬ್ಬರು. ಅವರ ಕಷ್ಟ ಸುಳ್ಳಲ್ಲ. ಆದರೂ ತೆಗೆದೆವು. ಕರೆಂಟಿಗೆ ಸಂಬಂಧಪಟ್ಟದ್ದೆಲ್ಲ ಕೆಂಪು ಕಾರ್ಡು. ಅದರಲ್ಲಿ ಲಕ್ಷಣ ಗುರುತಿಸುವುದು, ಮೇನ್ ಸ್ವಿಚ್ ಆಫ್ ಮಾಡುವುದು, ಯಾರನ್ನು ಕರೆಯುವುದು, ಇಷ್ಟೇ ಇರುತ್ತದೆ. ಉದಾಹರಣೆಗೆ, ಲೈನ್ ರಿಪೇರಿ ಆದಮೇಲೆ ಮೋಟಾರ್ ಓಡುತ್ತದೆ, ನೀರು ಮಾತ್ರ ಸಣ್ಣಗೆ ಬರುತ್ತದೆ ಅಂದರೆ ಫೇಸ್ ಅದಲುಬದಲಾಗಿ ಮೋಟಾರ್ ಉಲ್ಟಾ ತಿರುಗುತ್ತಿರಬಹುದು. ಎಲೆಕ್ಟ್ರಿಷಿಯನ್ ಎರಡು ತಂತಿ ಬದಲಿಸಿದರೆ ಸರಿಹೋಗುವ ವಿಷಯ. ಇದು ಗೊತ್ತಿಲ್ಲದೆ ಪಂಪೇ ಹಾಳು ಅಂತ ಎತ್ತಿಸಿದವರು ಇದ್ದಾರೆ. ಗುಂಪು ಬಿಟ್ಟುಹೋದವರು ಆರು ಜನ. ಇಬ್ಬರು ವಾಪಸ್ ಬಂದರು.

ನೀವು ಶುರು ಮಾಡುವುದಾದರೆ

ಎಲ್ಲ ಮಷಿನ್ ಒಟ್ಟಿಗೆ ಹಿಡಿಯಬೇಡಿ. ನಿಮ್ಮ ಕಡೆ ಈ ತಿಂಗಳು ಯಾವುದು ಹೆಚ್ಚು ಓಡುತ್ತದೋ ಅದೊಂದು. ನಾವು ಕಳೆ ಮಷಿನ್ ಮುಗಿಸಿ, ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವ ಹೊತ್ತಿಗೆ ಎಚ್‌ಟಿಪಿ ಪಂಪು ಹಿಡಿದೆವು. ಪ್ರೆಶರ್ ಬರುತ್ತಿಲ್ಲ ಅನ್ನುವ ದೂರಿನಲ್ಲಿ ಹೆಚ್ಚಿನದು ಬಕೆಟ್ಟಿನೊಳಗಿನ ಜಾಲರಿ ಕಟ್ಟಿರುವುದು ಅಥವಾ ಸಕ್ಷನ್ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುವುದು. ಪಂಪನ್ನೇ ಬಿಚ್ಚುವ ಮೊದಲು ಇವೆರಡು ನೋಡಿ. ಶೇ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣದ ಗಷ್ಟು ಸೋಸದೆ ಹಾಕಿದರೆ ಜಾಲರಿ, ನಾಜಲ್ ಕಟ್ಟದೆ ಇನ್ನೇನು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಹಾಗಾಗಿ ಕೆಲಸ ಮುಗಿದ ದಿನವೇ ಒಳ್ಳೆ ನೀರು ಓಡಿಸಿ ತೊಳೆಯಬೇಕು, ನಾಳೆಗೆ ಅಂತ ಬಿಡಬಾರದು. ಇದನ್ನು ಕಾರ್ಡ್ ಮಾಡಿ ಸೊಸೈಟಿಯಲ್ಲಿ ಮೈಲುತುತ್ತ ಮಾರುವ ಕೌಂಟರ್ ಹತ್ತಿರ ಅಂಟಿಸಿದೆವು. ಗುಂಪಿನಲ್ಲಿ ಇಲ್ಲದವರೂ ಫೋಟೋ ಹೊಡೆದುಕೊಂಡು ಹೋಗುತ್ತಾರೆ.

ಫಲಿತಾಂಶ ಹೇಳಿಸುವುದು ಕಷ್ಟದ ಕೆಲಸ. ಕೇಳುವಾಗ ಇರುವ ಅವಸರ ಸರಿಯಾದ ಮೇಲೆ ಇರುವುದಿಲ್ಲ. ನಾವು ಒಂದು ನಿಯಮ ಮಾಡಿದೆವು: ಹಿಂದಿನ ಪ್ರಶ್ನೆ ಏನಾಯಿತು ಅಂತ ಹೇಳದವರಿಗೆ ಮುಂದಿನ ಪ್ರಶ್ನೆಗೆ ಉತ್ತರ ಇಲ್ಲ. ನಡೆಯಲಿಲ್ಲ. ಮಳೆಯಲ್ಲಿ ಮಷಿನ್ ನಿಂತು ಒದ್ದಾಡುವವನಿಗೆ ಉತ್ತರ ಕೊಡದೆ ಇರುವುದು ಹೇಗೆ? ಈಗ ಭಾನುವಾರದ ಪಾಳಿಯವರು ಆ ವಾರ ಕೇಳಿದ ಪ್ರತಿಯೊಬ್ಬರಿಗೂ ಫೋನ್ ಮಾಡುತ್ತಾರೆ. ಮೆಸೇಜಿಗೆ ಉತ್ತರ ಕೊಡದವರೂ ಫೋನಿಗೆ ಹೇಳುತ್ತಾರೆ. ಒಂದು ಗಂಟೆ ಸಾಕು. ಒಬ್ಬರೇ ಹೊತ್ತುಕೊಂಡರೆ ಮೂರು ತಿಂಗಳಿಗೆ ಬೇಸರ ಬರುತ್ತದೆ, ಪಾಳಿ ಹಾಕಿ. ಶೀಟಿನಲ್ಲಿ ಹುಡುಕು ಪದ ಅಂತ ಒಂದು ಕಾಲಂ ಇಟ್ಟು ಕಾರ್ಬೊರೇಟರಿನ ಮೂರೂ ಕಾಗುಣಿತ ಹಾಕಿ, ಯಾರದೂ ತಪ್ಪು ಅನ್ನಬೇಡಿ. ವಾಯ್ಸ್ ಕಳಿಸುವವರಿಗೆ ಒಂದೇ ವಿನಂತಿ: ಮಾತು ಶುರುಮಾಡುವಾಗ ಮಷಿನ್ ಹೆಸರು ಹೇಳಿ. ನನ್ನ ಒಂಬತ್ತು ಸೆಕೆಂಡಿನಲ್ಲಿ "ಇದಕ್ಕೆ" ಅನ್ನುವ ಬದಲು "ಫೋರ್ ಸ್ಟ್ರೋಕ್ ಮಷಿನ್‌ಗೆ" ಅಂತ ಇದ್ದಿದ್ದರೆ ಹನ್ನೊಂದು ಸೆಕೆಂಡು ಆಗುತ್ತಿತ್ತು.

ಹೊಸನಗರದ ಹುಡುಗ ಈಗ ಪಾಳಿಯಲ್ಲಿ ಇದ್ದಾನೆ. ಫೋನ್ ಮಾಡಿ ಫಲಿತಾಂಶ ಹೇಳಿಸುವುದರಲ್ಲಿ ಅವನಷ್ಟು ಗಟ್ಟಿಗ ಇನ್ನೊಬ್ಬ ಇಲ್ಲ. ಒಂದನೇ ನಂಬರಿನ ಕಾರ್ಡಿನಲ್ಲಿ "ಹೇಳಿದವರು" ಅನ್ನುವಲ್ಲಿ ನನ್ನ ಹೆಸರಿದೆ, "ಮಾಡಿ ನೋಡಿದವರು" ಅನ್ನುವಲ್ಲಿ ಅವನ ಹೆಸರು. ಅವನೇ ಹಾಕಿಸಿದ್ದು.

ಆಚಾರ್ರ ಮೆಸೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಕೇಳುವುದು ಬಾಕಿ. ಹೋದ ವಾರ ಆ ಹುಡುಗನೇ ಒಂದನ್ನು ಕಳಿಸಿದ. ಮಳೆಗಾಲದಲ್ಲಿ ಮಷಿನ್ ಇಡುವ ಬಗ್ಗೆ ಹೇಳುತ್ತಾ ಹೇಳುತ್ತಾ, "ಇದರಲ್ಲಿ ಮುಖ್ಯ ವಿಷಯ ಎಂತ ಅಂದ್ರೆ..." ಅನ್ನುವಷ್ಟರಲ್ಲಿ ಒಳಗಿನಿಂದ ಯಾರೋ ಕರೆದದ್ದು ಕೇಳುತ್ತದೆ. ಅಲ್ಲಿಗೆ ಕಟ್. ಅದರ ಮುಂದಿನದು ಗುಂಪಿನಲ್ಲಿ ಎಲ್ಲೂ ಇಲ್ಲ, ಹುಡುಕಿದೆವು. ಅಂಗಡಿಗೆ ಹೋಗಿ ಅವರಿಗೇ ಕೇಳಿಸಿ, ಮುಂದೆ ಏನು ಹೇಳುವವರಿದ್ದಿರಿ ಆಚಾರ್ರೇ ಅಂತ ಕೇಳಿದೆ. ಎರಡು ಸಲ ಹಾಕಿಸಿ ಕೇಳಿದರು.

"ನೆನಪಿಲ್ಲ ಮಾರಾಯ. ನಿನ್ನ ಮಷಿನ್ ತಗೊಂಡು ಬಾ. ಕೈಯಲ್ಲಿ ಹಿಡಿದ್ರೆ ನೆನಪಾದ್ರೂ ಆಗಬಹುದು."

ಈ ಭಾನುವಾರ ಒಯ್ಯುತ್ತಿದ್ದೇನೆ.